ಪರ್ಯಾಯ ಬೆಳೆಗಳು: ಕರ್ನಾಟಕದ ಅನುಭವ

ಒಂದು ಸೀಮೆಯಲ್ಲಿ ರೂಢಿಯಾಗಿ ನಿಂತ ಬೆಳೆಯ ಜಾಗದಲ್ಲಿ, ಇಲ್ಲವೇ ಅದರ ಸಾಲುಗಳ ನಡುವೆ, ರೈತ ಹೊಸದಾಗಿ ತರುವ ಬೆಳೆಯನ್ನು ಪರ್ಯಾಯ ಬೆಳೆ ಎನ್ನುತ್ತಾರೆ. ಕೃಷಿ ಇಲಾಖೆಯ ಕಡತಗಳಲ್ಲಿ ಇದಕ್ಕೆ ಬೆಳೆ ವೈವಿಧ್ಯೀಕರಣ ಎಂಬ ಹೆಸರಿದೆ. ಬೆಲೆ ಕುಸಿತ, ವಾಸಿಯಾಗದ ರೋಗ, ಬತ್ತಿದ ಕೊಳವೆಬಾವಿ, ಸಿಗದ ಕೂಲಿಯಾಳು, ಬದಲಾದ ಸರ್ಕಾರಿ ನೀತಿ, ಇವುಗಳಲ್ಲಿ ಯಾವುದಾದರೊಂದು ರೈತನನ್ನು ಬೇರೆ ಬೆಳೆಯತ್ತ ನೋಡುವಂತೆ ಮಾಡುತ್ತದೆ. ಯಾವುದು ಪರ್ಯಾಯ ಎಂಬುದು ಕಾಲಕ್ಕೆ ತಕ್ಕ ಮಾತು. ಮೆಣಸಿನಕಾಯಿ, ಆಲೂಗಡ್ಡೆ, ನೆಲಗಡಲೆ, ಮೆಕ್ಕೆಜೋಳ, ತಂಬಾಕು ಎಲ್ಲವೂ ಅಮೆರಿಕ ಖಂಡದಿಂದ ಬಂದವು. ನಮ್ಮದೇ ಎಂದು ಬೀಗುವ ರಾಗಿಯ ಮೂಲವೂ ಆಫ್ರಿಕ.

ಹೊಸ ಬೆಳೆಯ ಬೇಸಾಯವನ್ನು ಕರ್ನಾಟಕದ ರೈತರು ಎರಡು ಮೂರು ವರ್ಷದಲ್ಲಿ ಕಲಿತುಬಿಡುತ್ತಾರೆ. ಇದಕ್ಕೆ ಬೇಕಾದಷ್ಟು ಉದಾಹರಣೆಗಳಿವೆ. ಕೊಯ್ದದ್ದನ್ನು ಯಾರು ಕೊಳ್ಳುತ್ತಾರೆ, ಹಸಿಯಾಗಿಯೋ ಒಣಗಿಸಿಯೋ, ಎಷ್ಟು ವರ್ಷ ಕೊಳ್ಳುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಕಡೆ ಬೆಳೆ ಬೇರೂರಿದೆ. ಸಿಗದ ಕಡೆ ಎಷ್ಟೇ ಪ್ರಚಾರ, ಸಹಾಯಧನ ಇದ್ದರೂ ಹೋಗಿದೆ. ಕೆಳಗಿನ ಉದಾಹರಣೆಗಳನ್ನು ಆರಿಸಿರುವುದು ಈ ದೃಷ್ಟಿಯಿಂದಲೇ.

ಅಕ್ಕಡಿ ಸಾಲು

ಹಳೆಯ ಮೈಸೂರು ಸೀಮೆಯ ಖುಷ್ಕಿ ಹೊಲದಲ್ಲಿ ಒಂದೇ ಬೆಳೆ ಎಂಬ ಪದ್ಧತಿ ಇರಲಿಲ್ಲ. ರಾಗಿಯ ಕೆಲವು ಸಾಲುಗಳಿಗೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಹರಳು. ಬದುವಿನ ಪಕ್ಕ ಜೋಳ. ರಾಗಿ ಕೊಯ್ದು ಕಣ ಸೇರಿದ ಮೇಲೂ ತೊಗರಿ ಮತ್ತು ಅವರೆ ಹೊಲದಲ್ಲೇ ನಿಂತು, ಮಣ್ಣಿನಾಳದ ತೇವವನ್ನೂ ಮಾಗಿಯ ಇಬ್ಬನಿಯನ್ನೂ ಕುಡಿದು ಕಾಯಿ ಕಟ್ಟುತ್ತವೆ. ಮುಂಗಾರು ಕೈಕೊಟ್ಟರೆ ಒಂದು, ಹಿಂಗಾರು ಕೈಕೊಟ್ಟರೆ ಇನ್ನೊಂದು ಮನೆಗೆ ಬರುತ್ತಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಇದನ್ನೇ ಅಳತೆಗೆ ತಂದು, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಶಿಫಾರಸು ಮಾಡಿತು. ವಿಜ್ಞಾನಿಗಳು ರೈತರಿಂದ ಕಲಿತು ರೈತರಿಗೇ ಹಿಂತಿರುಗಿಸಿದ ಪಾಠಗಳಲ್ಲಿ ಇದೂ ಒಂದು.

ಟ್ರ್ಯಾಕ್ಟರ್ ಕೂರಿಗೆ, ಕೊಯ್ಲು ಯಂತ್ರ, ಒಂದೇ ಬೆಳೆಗೆ ಒಗ್ಗುವ ಕಳೆನಾಶಕ ಬಂದಂತೆ ಅಕ್ಕಡಿ ಹಿಂದೆ ಸರಿಯಿತು. ಸಾಲುಗಳ ನಡುವಿನ ತೊಗರಿ ಗಿಡ ಯಂತ್ರಕ್ಕೆ ಅಡ್ಡಬರುತ್ತದೆ.

ಸಂಸ್ಥೆ ಕಟ್ಟಿದವರು

ಒಂದು ಬೆಳೆಯ ಹಿಂದೆ ಸಂಸ್ಥೆ ನಿಲ್ಲಬೇಕೆಂಬ ತಿಳಿವಳಿಕೆ ಕರ್ನಾಟಕಕ್ಕೆ ಹೊಸದಲ್ಲ. ರಾಜ್ಯದ ತೋಟಗಾರಿಕೆಗೆ ಬುನಾದಿ ಹಾಕಿದ ಎಂ.ಎಚ್. ಮರಿಗೌಡರ ಕಾಲದಲ್ಲಿ, 1959ರಲ್ಲಿ, ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರಿಗಾಗಿ ಒಂದು ಸಹಕಾರ ಮಾರಾಟ ಸಂಘ ಹುಟ್ಟಿತು. ಅದೇ ಮುಂದೆ ಎಲ್ಲ ಹಣ್ಣು ತರಕಾರಿಗಳಿಗೂ ಕೈಚಾಚಿ ಹಾಪ್‌ಕಾಮ್ಸ್ ಆಯಿತು. ಇಂದು ಬೀದಿ ಮೂಲೆಯ ಹಾಪ್‌ಕಾಮ್ಸ್ ಮಳಿಗೆಯಲ್ಲಿ ತೂಕಕ್ಕೆ ನಿಲ್ಲುವವರಿಗೆ ಅದು ದ್ರಾಕ್ಷಿಯಿಂದ ಶುರುವಾದ ಕಥೆ ಗೊತ್ತಿರುವುದಿಲ್ಲ. ರೇಷ್ಮೆಯದೂ ಇದೇ ಬಗೆ. ಕೋಲಾರ, ರಾಮನಗರ ಸೀಮೆಯ ಸಣ್ಣ ಹಿಡುವಳಿದಾರರು ಹಿಪ್ಪುನೇರಳೆಗೆ ಅಂಟಿಕೊಂಡಿರುವುದಕ್ಕೆ ಸೊಪ್ಪಿನ ತಳಿಗಳು ಎಷ್ಟು ಕಾರಣವೋ, ಗೂಡನ್ನು ಬೆಳಿಗ್ಗೆ ಒಯ್ದರೆ ಹರಾಜಾಗುವ ರಾಮನಗರದಂಥ ಸರ್ಕಾರಿ ಮಾರುಕಟ್ಟೆಯೂ ಅಷ್ಟೇ ಕಾರಣ. ವರ್ಷಕ್ಕೆ ಐದಾರು ಸಲ ಕೈಗೆ ಕಾಸು ಬರುವ ಬೆಳೆಯನ್ನು ಬಿಡಲು ಯಾರಿಗೂ ಮನಸ್ಸು ಬರದು.

ಕೊಕ್ಕೊ

ಪರ್ಯಾಯ ಬೆಳೆಯ ಚರಿತ್ರೆಯಲ್ಲಿ ಕೊಕ್ಕೊದಷ್ಟು ಪಾಠ ಹೇಳುವ ಬೆಳೆ ದಕ್ಷಿಣ ಕನ್ನಡದಲ್ಲಿ ಬೇರೊಂದಿಲ್ಲ. 1960ರ ದಶಕದಲ್ಲಿ ಕ್ಯಾಡ್‌ಬರಿ ಕಂಪನಿ ಕೇರಳದ ವಯನಾಡಿನ ಚುಂಡೇಲಿನಲ್ಲಿ ಪ್ರಾಯೋಗಿಕ ತೋಟ ಮಾಡಿ ಸಸಿ ಹಂಚತೊಡಗಿತು. ವಿಟ್ಲದ ಸಂಶೋಧನಾ ಕೇಂದ್ರ ಅಡಿಕೆಯ ನಡುವೆ ಇದನ್ನು ಹೇಗೆ ಕೂರಿಸಬಹುದೆಂದು ಲೆಕ್ಕ ಹಾಕಿತು. ಅಡಿಕೆಗೆ 2.7 ಮೀಟರ್ ಅಂತರ; ಕೊಕ್ಕೊವನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ, 2.7 ಮತ್ತು 5.4 ಮೀಟರ್ ಅಂತರಕ್ಕೆ ನೆಡುವುದು. ಅಡಿಕೆಯ ನೆರಳು ಕೊಕ್ಕೊಗೆ ಬೇಕು, ಅಡಿಕೆಗೆ ಹಾಯಿಸಿದ ನೀರೇ ಇದಕ್ಕೂ ಸಾಕು, ಉದುರಿದ ಎಲೆ ತೋಟಕ್ಕೇ ಮುಚ್ಚಿಗೆ. ಅಡಿಕೆಯನ್ನು ಬಿಡದೆ ಅದರ ಹೊಟ್ಟೆಯಲ್ಲೇ ಇನ್ನೊಂದು ಬೆಳೆ ಇಟ್ಟುಕೊಳ್ಳುವ ಈ ವ್ಯವಸ್ಥೆ ತೋಟಗಾರರಿಗೆ ಹಿಡಿಸಿತು.

1980ರ ಹೊತ್ತಿಗೆ ವಿಶ್ವ ಮಾರುಕಟ್ಟೆಯಲ್ಲಿ ಬೆಲೆ ಇಳಿಯಿತು. ಬೆಳೆಯಲು ಹುರಿದುಂಬಿಸಿದವರೇ ಕೊಳ್ಳಲು ಹಿಂದೆಗೆದರು. ಕೇರಳದಲ್ಲಿ ಬಹಳಷ್ಟು ರೈತರು ಗಿಡ ಕಡಿದರು, ಇಲ್ಲೂ ಕೊಡಲಿ ಎತ್ತಿದವರಿದ್ದರು. ಆಗ ನಡುವೆ ಬಂದದ್ದು ಕ್ಯಾಂಪ್ಕೊ. ಅಡಿಕೆ ಬೆಲೆ ಕುಸಿತದ ಸಂಕಟದಲ್ಲಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಹುಟ್ಟಿದ ಈ ಸಹಕಾರ ಸಂಸ್ಥೆಗೆ ಕೊಕ್ಕೊ ಮೂಲ ವ್ಯವಹಾರವಲ್ಲ. ಆದರೂ ಬೆಳೆಗಾರರ ಒತ್ತಾಯಕ್ಕೆ ಕೊಳ್ಳಲು ಇಳಿಯಿತು. ಕೊಂಡದ್ದನ್ನು ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿತು. 1986ರಲ್ಲಿ ಅದು ಆರಂಭವಾಯಿತು. ಅಡಿಕೆ ಮಾರಲು ಸೇರಿದ ರೈತರು ಚಾಕೊಲೇಟ್ ಮಾಡುವುದೆಂದರೆ ಆ ದಿನಗಳಲ್ಲಿ ಸಣ್ಣ ಧೈರ್ಯವಲ್ಲ.

ಇಲ್ಲಿ ಒಂದು ಸಣ್ಣ ವಿವರ ದೊಡ್ಡ ಪರಿಣಾಮ ಮಾಡಿತು. ಕೊಕ್ಕೊ ಕಾಯನ್ನು ಕತ್ತಿಯಿಂದ ಕಡಿಯಬಾರದು, ಬೀಜಕ್ಕೆ ಗಾಯವಾಗುತ್ತದೆ. ಕೊರಡಿನಿಂದ ಹೊಡೆದು ಇಲ್ಲವೇ ಕಲ್ಲಿಗೆ ಬಡಿದು ಒಡೆಯುತ್ತಾರೆ. ಒಳಗೆ ಬಿಳಿ ಲೋಳೆ ಸುತ್ತಿಕೊಂಡ ಬೀಜಗಳು. ಚಾಕೊಲೇಟಿನ ಪರಿಮಳ ಬರಬೇಕಾದರೆ ಇವನ್ನು ಐದಾರು ದಿನ ಹುದುಗಿಸಿ, ನಡುನಡುವೆ ಮಗುಚಿ, ಆಮೇಲೆ ಒಣಗಿಸಬೇಕು. ಕರಾವಳಿಯ ಆಟಿ ತಿಂಗಳ ಮಳೆಯಲ್ಲಿ ಮನೆಯಂಗಳದಲ್ಲಿ ಒಣಗಿಸುವ ಮಾತೇ ಇಲ್ಲ. ಕ್ಯಾಂಪ್ಕೊ ಹಸಿ ಬೀಜವನ್ನೇ ಕೊಳ್ಳತೊಡಗಿದ್ದರಿಂದ ಹುದುಗು, ಒಣಗು ಎರಡರ ಭಾರವೂ ರೈತನ ಹೆಗಲಿನಿಂದ ಇಳಿಯಿತು. ಒಡೆದ ಬೀಜವನ್ನು ಚೀಲದಲ್ಲಿ ತುಂಬಿ ಖರೀದಿ ಕೇಂದ್ರಕ್ಕೆ ಹಾಕಿದರೆ ಅಲ್ಲಿಗೆ ಮುಗಿಯಿತು. ಅಳಿಲು, ಇಲಿ ಮತ್ತು ಮಳೆಗಾಲದ ಕಾಯಿ ಕೊಳೆ ಇನ್ನೂ ಕಾಡುತ್ತವೆ. ಆದರೆ ಮಾರಾಟದ ಚಿಂತೆ ಇಲ್ಲದ ಬೆಳೆಗಾರ ಇವನ್ನು ಸಹಿಸಿಕೊಳ್ಳುತ್ತಾನೆ.

2024ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಹವಾಮಾನ ಮತ್ತು ರೋಗದ ಕಾರಣ ಫಸಲು ಕೆಟ್ಟು, ವಿಶ್ವ ಮಾರುಕಟ್ಟೆಯಲ್ಲಿ ಕೊಕ್ಕೊ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಪುತ್ತೂರು, ಸುಳ್ಯದ ತೋಟಗಳಲ್ಲಿ ಮರೆತೇಹೋಗಿದ್ದ ಗಿಡಗಳಿಗೆ ಮತ್ತೆ ಸವರುವಿಕೆ ಶುರುವಾಯಿತು. ಆಮೇಲೆ ಬೆಲೆ ಇಳಿಯಿತು.

ವೆನಿಲಾ

ಕೊಕ್ಕೊದ ಪಕ್ಕದಲ್ಲೇ ಇಟ್ಟು ನೋಡಬೇಕಾದ ಬೆಳೆ ವೆನಿಲಾ. ಮೆಕ್ಸಿಕೊ ಮೂಲದ ಈ ಆರ್ಕಿಡ್ ಬಳ್ಳಿಯ ಹೂವಿಗೆ ನಮ್ಮಲ್ಲಿ ಪರಾಗಸ್ಪರ್ಶ ಮಾಡುವ ಕೀಟವಿಲ್ಲ. ಹೂವು ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಬಾಡುತ್ತದೆ. ಅಷ್ಟರಲ್ಲಿ ಮನುಷ್ಯನೇ ಮೊನಚು ಕಡ್ಡಿಯಿಂದ ಹೂವಿನೊಳಗಿನ ತೆಳು ಪದರವನ್ನು ಮೇಲೆತ್ತಿ, ಪರಾಗವನ್ನು ಬೆರಳಿನಿಂದ ಒತ್ತಬೇಕು. ಒಂದೊಂದು ಹೂವಿಗೂ ಒಂದೊಂದು ಸಲ. ಹಾಗೆ ಕಟ್ಟಿದ ಕೋಡು ಬಲಿಯಲು ಒಂಬತ್ತು ತಿಂಗಳು ಬೇಕು. ಬಲಿತ ಹಸಿ ಕೋಡಿಗೆ ಪರಿಮಳವಿರುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ತಿಂಗಳುಗಟ್ಟಲೆ ಹದಮಾಡಿದರೆ ಐದಾರು ಕಿಲೋ ಹಸಿ ಕೋಡಿನಿಂದ ಒಂದು ಕಿಲೋ ಸಂಸ್ಕರಿತ ವೆನಿಲಾ ಬರುತ್ತದೆ.

ಜಗತ್ತಿನ ವೆನಿಲಾ ಬಹುಪಾಲು ಮಡಗಾಸ್ಕರಿನದು. 2000ದ ಏಪ್ರಿಲಿನಲ್ಲಿ ಅಲ್ಲಿ ಬೀಸಿದ ಹುದಾ ಚಂಡಮಾರುತ ತೋಟಗಳನ್ನು ನೆಲಸಮ ಮಾಡಿತು, ಬೆಲೆ ಗಗನಕ್ಕೇರಿತು. ಮಲೆನಾಡು, ಕೊಡಗು, ಕರಾವಳಿಯಲ್ಲಿ ಹಸಿ ಕೋಡಿನ ಬೆಲೆ 2003ರ ಹೊತ್ತಿಗೆ ಕಿಲೋಗೆ ಮೂರು ಸಾವಿರ ರೂಪಾಯಿ ಮುಟ್ಟಿತು. ಬಳ್ಳಿಯ ತುಂಡುಗಳನ್ನು ಮೀಟರ್ ಲೆಕ್ಕದಲ್ಲಿ ಮಾರುವುದೇ ದೊಡ್ಡ ವ್ಯಾಪಾರವಾಯಿತು. ರಾತ್ರಿ ತೋಟ ಕಾಯಲು ಆಳು, ನಾಯಿ, ಬೇಲಿ, ದೀಪ. ಆ ಎರಡು ವರ್ಷ ಅಡಿಕೆ ತೋಟದ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಬೆಲೆ ಅತಿಯಾದಾಗ ಜಗತ್ತಿನ ಐಸ್‌ಕ್ರೀಂ, ಬಿಸ್ಕತ್ತು ಕಂಪನಿಗಳು ಕೃತಕ ವೆನಿಲಿನ್‌ಗೆ ಹೊರಳಿದವು. ಮಡಗಾಸ್ಕರಿನ ಹೊಸ ಬಳ್ಳಿಗಳೂ ಫಸಲಿಗೆ ಬಂದವು. 2004-05ರ ಹೊತ್ತಿಗೆ ಬೆಲೆ ಪಾತಾಳ ಕಂಡಿತು. ಇಲ್ಲಿ ನೆಟ್ಟವರಲ್ಲಿ ಬಹಳಷ್ಟು ಜನರ ಬಳ್ಳಿ ಮೊದಲ ಹೂವು ಬಿಡುವುದು ಮೂರನೇ ವರ್ಷ. ಅಷ್ಟರಲ್ಲಿ ಆಟ ಮುಗಿದಿತ್ತು. ಲಾಭ ಮಾಡಿಕೊಂಡವರು ಮೊದಲೇ ನೆಟ್ಟವರು, ಅವರಿಗಿಂತ ಹೆಚ್ಚಾಗಿ ಸಸಿ ಮಾರಿದವರು.

ಕೊಕ್ಕೊ ಕುಸಿದಾಗ ಹಿಂದೆ ಒಂದು ಕಾರ್ಖಾನೆ ಬಂದು ನಿಂತಿತು, ವೆನಿಲಾ ಕುಸಿದಾಗ ಅಂಥದ್ದು ಯಾವುದೂ ಬರಲಿಲ್ಲ. ಸೊರಗು ರೋಗವೂ ಸೇರಿ ಬಳ್ಳಿಗಳು ಮಣ್ಣುಪಾಲಾದವು. ಹತ್ತು ಹನ್ನೆರಡು ವರ್ಷಗಳ ನಂತರ ಬೆಲೆ ಮತ್ತೊಮ್ಮೆ ಹಿಂದಿನ ಎತ್ತರಕ್ಕೆ ಏರಿದಾಗ ಕೊಯ್ಯಲು ನಮ್ಮಲ್ಲಿ ಬಳ್ಳಿಯೇ ಹೆಚ್ಚು ಉಳಿದಿರಲಿಲ್ಲ. ಪುತ್ತೂರಿನಿಂದ 1988ರಿಂದ ಬರುತ್ತಿರುವ, ಶ್ರೀ ಪಡ್ರೆಯವರು ಸಂಪಾದಿಸುವ ‘ಅಡಿಕೆ ಪತ್ರಿಕೆ’ಯಂಥ ಕೃಷಿಕರದೇ ಪತ್ರಿಕೆ ಇದ್ದ ಸೀಮೆಯಲ್ಲೂ ಇಂಥ ಹುಚ್ಚು ಹಬ್ಬಿತೆಂಬುದು ಗಮನಿಸಬೇಕಾದ ಸಂಗತಿ. ಮಾಹಿತಿಗೆ ಕೊರತೆ ಇರಲಿಲ್ಲ.

ಮಿಡಿ ಸೌತೆ

ಗರ್ಕಿನ್ ಅಥವಾ ಮಿಡಿ ಸೌತೆಯನ್ನು ನಮ್ಮ ಯಾವ ಅಡುಗೆಮನೆಯೂ ಬಳಸುವುದಿಲ್ಲ. ಬೆಳೆದದ್ದೆಲ್ಲ ಉಪ್ಪುನೀರಿನಲ್ಲೋ ವಿನಿಗರಿನಲ್ಲೋ ಮುಳುಗಿ ಯುರೋಪ್, ಅಮೆರಿಕ, ರಷ್ಯಕ್ಕೆ ಹಡಗು ಹತ್ತುತ್ತದೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಶುರುವಾಗಿ ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೂ ಹಬ್ಬಿದ ಈ ಬೆಳೆ ಪೂರ್ತಿ ಒಪ್ಪಂದದ ಮೇಲೆ ನಿಂತಿದೆ. ಕೇಂದ್ರ ಸರ್ಕಾರ 2022ರಲ್ಲಿ ಕೊಟ್ಟ ಲೆಕ್ಕದಂತೆ ಸುಮಾರು 90,000 ಸಣ್ಣ ರೈತರು 65,000 ಎಕರೆಯಲ್ಲಿ ಇದನ್ನು ಬೆಳೆಯುತ್ತಾರೆ. ಜಗತ್ತಿನ ಬೇಡಿಕೆಯ ಶೇಕಡ 15ರಷ್ಟು ಭಾರತದಿಂದ ಹೋಗುತ್ತದೆ.

ಬಿತ್ತಿ ಸುಮಾರು 90 ದಿನಕ್ಕೆ ಹೊಲ ಖಾಲಿ. ಕಂಪನಿ ಬೀಜ, ಗೊಬ್ಬರ, ಔಷಧಿಯನ್ನು ಸಾಲವಾಗಿ ಕೊಟ್ಟು, ಮೊದಲೇ ಗೊತ್ತುಮಾಡಿದ ದರದಲ್ಲಿ ಕಾಯಿ ಎತ್ತುತ್ತದೆ. ಕಾಯಿ ಚಿಕ್ಕದಾದಷ್ಟೂ ದರ ಹೆಚ್ಚು. ಒಂದು ಕಿಲೋಗೆ ಎಷ್ಟು ಕಾಯಿ ತೂಗುತ್ತವೆ ಎಂಬುದರ ಮೇಲೆ ದರ್ಜೆ. ಹಾಗಾಗಿ ಬಳ್ಳಿಯ ಮುಂದೆ ದಿನವೂ ಬಗ್ಗಬೇಕು. ಇವತ್ತು ಕಿರುಬೆರಳಿನಷ್ಟಿದ್ದ ಕಾಯಿ ಎಲೆ ಮರೆಯಲ್ಲಿ ತಪ್ಪಿಸಿಕೊಂಡರೆ ನಾಳೆ ಕೆಳಗಿನ ದರ್ಜೆ, ನಾಡಿದ್ದು ದನದ ಮುಂದೆ. ಈ ಕೊಯ್ಲಿನ ಕೆಲಸ ಬಹುಮಟ್ಟಿಗೆ ಹೆಂಗಸರದು. ಮನೆಮಂದಿಯೇ ದುಡಿಯುವ ಅರ್ಧ ಎಕರೆ, ಒಂದು ಎಕರೆಯವರಿಗೆ ಇದು ಒಗ್ಗಿತು; ಆಳಿಟ್ಟು ಮಾಡಿಸುವ ದೊಡ್ಡ ಜಮೀನುದಾರರಿಗೆ ಒಗ್ಗಲಿಲ್ಲ. ಹೊಸ ಬೆಳೆಯ ಲಾಭ ಯಾವಾಗಲೂ ದೊಡ್ಡವರಿಗೇ ಎಂಬ ಮಾತಿಗೆ ಇದೊಂದು ಅಪವಾದ. ದರ್ಜೆ ಹಾಕುವವನೂ ಕಂಪನಿಯವನೇ ಎಂಬ ತಕರಾರು ಮಾತ್ರ ಮೊದಲಿನಿಂದಲೂ ಇದೆ. ಬೇರೆ ಕೊಳ್ಳುಗ ಇಲ್ಲದ ಬೆಳೆಯಲ್ಲಿ ತಕರಾರಿಗೆ ಬಲ ಕಡಿಮೆ.

ಸಿರಿಧಾನ್ಯ

ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆಗಳು ಪರ್ಯಾಯ ಬೆಳೆಯ ಪಟ್ಟಿಗೆ ಸೇರಿದ್ದು ವಿಚಿತ್ರ ತಿರುವು. ಒಂದು ಕಾಲಕ್ಕೆ ಇವೇ ಮೂಲ ಬೆಳೆ. ಮೆಕ್ಕೆಜೋಳ, ಹತ್ತಿ, ನೆಲಗಡಲೆ ಇವನ್ನು ಹೊರದೂಡಿದವು. ಪಾವಗಡ, ಶಿರಾ, ಮಧುಗಿರಿ ಸೀಮೆಯ ರೈತರು ಹುಣಸೆ ಮರದ ನೆರಳಲ್ಲೂ ಕೊರಲೆ ಬಿತ್ತಿ ತೆಗೆಯುತ್ತಾರೆ. ಬೇರೆ ಯಾವ ಧಾನ್ಯವೂ ಅಲ್ಲಿ ಏಳುವುದಿಲ್ಲ. ಸರ್ಕಾರ 2019-20ರಲ್ಲಿ ‘ರೈತ ಸಿರಿ’ ಯೋಜನೆಯಡಿ ಕಿರುಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು.

ಇಷ್ಟಾದರೂ ರಾಗಿಗೂ ನವಣೆಗೂ ಅಂತರ ಉಳಿದಿದೆ. ರಾಗಿಗೆ ಬೆಂಬಲ ಬೆಲೆ ಇದೆ (2024-25ರಲ್ಲಿ ಕ್ವಿಂಟಲಿಗೆ 4,290, 2025-26ರಲ್ಲಿ 4,886 ರೂಪಾಯಿ), ಖರೀದಿ ಕೇಂದ್ರವಿದೆ, ಕೊಂಡ ರಾಗಿಯನ್ನು ಹಂಚಲು ದಕ್ಷಿಣ ಜಿಲ್ಲೆಗಳ ನ್ಯಾಯಬೆಲೆ ಅಂಗಡಿಗಳಿವೆ. ರಾಗಿಯನ್ನು ತೂರಿ ನೇರ ಗಿರಣಿಗೆ ಹಾಕಬಹುದು. ನವಣೆ, ಸಾಮೆಗಳಿಗೆ ಗಟ್ಟಿ ಹೊಟ್ಟು. ಅದನ್ನು ಸುಲಿದು ಅಕ್ಕಿ ಮಾಡಬೇಕು. ಹಿಂದೆ ಒರಳು, ರಾಗಿಕಲ್ಲು, ಬೀಸುಕಲ್ಲುಗಳ ಮುಂದೆ ಹೆಂಗಸರು ಗಂಟೆಗಟ್ಟಲೆ ಮಾಡುತ್ತಿದ್ದ ಕೆಲಸ ಅದು. ಅಜ್ಜಿಯಂದಿರು ಕೈಬಿಟ್ಟ ಮೇಲೆ ಊರಿನ ಗಿರಣಿಯವನು ಅದನ್ನು ಎತ್ತಿಕೊಳ್ಳಲಿಲ್ಲ, ಸಣ್ಣ ಕಾಳಿಗೆ ತಕ್ಕ ಯಂತ್ರ ಅವನ ಬಳಿ ಇರಲಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಸಿರಿಧಾನ್ಯದ ಅಕ್ಕಿಗೆ ಒಳ್ಳೆಯ ಬೆಲೆ. ಹೊಲದಂಚಿನಲ್ಲಿ ಹೊಟ್ಟು ಸಹಿತ ಕಾಳಿಗೆ ಸಿಗುವುದು ಅದರಲ್ಲೊಂದು ಚೂರು. ನಡುವಿನ ಹಣ ಇರುವುದು ಹೊಟ್ಟು ತೆಗೆಯುವ ಯಂತ್ರದ ಹತ್ತಿರ. ಸಹಾಯಧನವನ್ನು ಬೀಜದ ಕಡೆಯಿಂದ ಈ ಯಂತ್ರದ ಕಡೆಗೆ ತಿರುಗಿಸಿದಷ್ಟೂ ಒಳ್ಳೆಯದು.

ತಂಬಾಕು ಮತ್ತು ನೀಲಗಿರಿ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ವರ್ಜೀನಿಯ ತಂಬಾಕಿಗೆ ಪರ್ಯಾಯ ಹುಡುಕುವ ಕೆಲಸ ಬಹಳ ಕಾಲದಿಂದ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಗೆ ಭಾರತ 2004ರಲ್ಲಿ ಒಪ್ಪಿಗೆ ಕೊಟ್ಟಿತು. ಪಂಜಾಬ್, ಹರಿಯಾಣದ ಭತ್ತ ಕಡಿಮೆ ಮಾಡಲೆಂದು 2013-14ರಲ್ಲಿ ಶುರುವಾದ ಕೇಂದ್ರದ ಬೆಳೆ ವೈವಿಧ್ಯೀಕರಣ ಯೋಜನೆ 2015-16ರಿಂದ ತಂಬಾಕು ರಾಜ್ಯಗಳಿಗೂ ಬಂತು. ಮೆಕ್ಕೆಜೋಳ, ಶುಂಠಿ, ರಾಗಿ, ದ್ವಿದಳ ಧಾನ್ಯ, ಹಿಪ್ಪುನೇರಳೆ ಎಂದು ಸಲಹೆಗಳ ಪಟ್ಟಿ ಉದ್ದವಾಗುತ್ತಲೇ ಇದೆ. ತಂಬಾಕು ಮಾತ್ರ ಜಗ್ಗಿಲ್ಲ. ಸಸಿಮಡಿಯಿಂದ ಹಿಡಿದು ಎಲೆ ಒಣಗಿಸುವ ಬ್ಯಾರನ್‌ನಲ್ಲಿ ಹದಮಾಡುವ ತನಕ ದುಡಿಮೆ ಕಠಿಣ, ಸೌದೆ ಖರ್ಚು ವಿಪರೀತ. ಆದರೆ ಬ್ಯಾರನ್‌ಗೆ ಪರವಾನಗಿ ಇದೆ, ಅದರ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. 1984ರಿಂದ ತಂಬಾಕು ಮಂಡಳಿಯ ಹರಾಜು ಕಟ್ಟೆ ಇದೆ, ಹಣ ನೇರ ಖಾತೆಗೆ ಬೀಳುತ್ತದೆ. ರಾಗಿ, ರೇಷ್ಮೆಯನ್ನು ಬಿಟ್ಟರೆ ಪರ್ಯಾಯವಾಗಿ ಹೇಳುವ ಬೆಳೆಗಳಲ್ಲಿ ಒಂದಕ್ಕೂ ಇಂಥ ಕಟ್ಟುಪಾಡಿನ ಮಾರುಕಟ್ಟೆ ಇಲ್ಲ. ಪಂಜಾಬಿನಲ್ಲಿ ಗೋಧಿ-ಭತ್ತದ ಶೇಕಡ 20 ಭೂಮಿಯನ್ನು ಬೇರೆ ಬೆಳೆಗೆ ತಿರುಗಿಸಬೇಕೆಂದು ಸರ್ದಾರಾ ಸಿಂಗ್ ಜೋಹ್ಲ್ ಸಮಿತಿ 1986ರಲ್ಲೇ ಹೇಳಿತ್ತು. ಅಲ್ಲಿಯೂ ಸರ್ಕಾರಿ ಖರೀದಿ ಇದ್ದ ಭತ್ತವನ್ನು ಬಿಟ್ಟು ಖರೀದಿ ಇಲ್ಲದ ಬೆಳೆಗೆ ರೈತ ಹೋಗಲಿಲ್ಲ.

ನೀಲಗಿರಿಯ ಕಥೆ ತಲೆಕೆಳಗು. ಕೋಲಾರ ಮತ್ತು ಬೆಂಗಳೂರು ಗ್ರಾಮಾಂತರದಲ್ಲಿ 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಹುರುಪಿನಲ್ಲಿ ರಾಗಿ ಹೊಲಗಳು ನೀಲಗಿರಿ ತೋಪಾದವು. ಕೊಳ್ಳುವವರಿದ್ದರು, ಆಳು ಬೇಡ, ದನ ಮೇಯುವುದಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ. ಮಾರಾಟದ ದೃಷ್ಟಿಯಿಂದ ಇದು ಗೆದ್ದ ಪರ್ಯಾಯ ಬೆಳೆ. ಅಂತರ್ಜಲ ಮತ್ತು ಕೂಲಿಯವರ ದೃಷ್ಟಿಯಿಂದ ದುಬಾರಿ. ಧಾರವಾಡ ಸೀಮೆಯ ಕುಸನೂರಿನಲ್ಲಿ ಊರ ಸಾಮಾನ್ಯ ಭೂಮಿಗೆ ನೀಲಗಿರಿ ಬಂದಾಗ 1987ರಲ್ಲಿ ಜನ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಸಿ, ಆ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಕೊಳ್ಳುವವರಿದ್ದರೆ ಸಾಕು ಎಂಬ ಲೆಕ್ಕಕ್ಕೆ ಈ ಪ್ರಸಂಗ ಒಂದು ಮಿತಿ ಹಾಕುತ್ತದೆ.

ಕೈಹಿಡಿಯುವ ಬಗೆ

ಮರಬೆಳೆಗೆ ಬದಲಾಗುವ ಬಡ ರೈತನ ಮುಖ್ಯ ತೊಡಕು ಮೊದಲ ನಾಲ್ಕೈದು ವರ್ಷದ ಊಟ. ಮಣಿಭಾಯಿ ದೇಸಾಯಿ ಕಟ್ಟಿದ ಬೈಫ್ ಸಂಸ್ಥೆ 1982ರಲ್ಲಿ ಗುಜರಾತಿನ ವಾಂಸದಾ ಆದಿವಾಸಿಗಳ ನಡುವೆ ರೂಪಿಸಿದ ‘ವಾಡಿ’ ಮಾದರಿ ಈ ತೊಡಕನ್ನು ನೇರವಾಗಿ ಎದುರಿಸಿತು. ಕುಟುಂಬಕ್ಕೆ ಎಕರೆಯಷ್ಟು ಜಾಗದಲ್ಲಿ ಮಾವು, ಗೋಡಂಬಿಯಂಥ ಹಣ್ಣಿನ ಗಿಡ, ಬದುವಿನ ಸುತ್ತ ಸೌದೆ ಮೇವಿನ ಮರ, ಸಾಲುಗಳ ನಡುವೆ ಊಟದ ಧಾನ್ಯ. ಸಸಿ ಕೊಟ್ಟು ಹೋಗುವುದರ ಬದಲು ಗಿಡ ಫಲ ಕೊಡುವ ತನಕ ಜೊತೆಗಿರುವುದು ಇದರ ತಿರುಳು. ನಬಾರ್ಡ್ 2003-04ರಲ್ಲಿ ಆದಿವಾಸಿ ಅಭಿವೃದ್ಧಿ ನಿಧಿ ತೆರೆದು ಇದನ್ನು ಅನೇಕ ರಾಜ್ಯಗಳಿಗೆ ಒಯ್ದಿತು. ಬೈಫ್‌ನ ಕರ್ನಾಟಕದ ಕೆಲಸಕ್ಕೆ ತಿಪಟೂರು ಮುಖ್ಯ ನೆಲೆ. ಕೃಷಿ ಹೊಂಡ ತೋಡಲು 2014-15ರಲ್ಲಿ ಬಂದ ‘ಕೃಷಿ ಭಾಗ್ಯ’ ಯೋಜನೆಯನ್ನೂ ಈ ಸಾಲಿನಲ್ಲಿ ಹೇಳಬೇಕು. ಖುಷ್ಕಿಯಲ್ಲಿ ಎಳೆ ಗಿಡವನ್ನು ಎರಡು ಬೇಸಿಗೆ ದಾಟಿಸಲು ಒಂದು ಹೊಂಡ ನೀರು ಸಾಕು.

ಹಣ್ಣುಗಳಲ್ಲಿ ಈಗಿನ ಸಂಭ್ರಮ ಡ್ರ್ಯಾಗನ್ ಹಣ್ಣು ಮತ್ತು ಬೆಣ್ಣೆಹಣ್ಣಿನದು. ತುಮಕೂರು ಬಳಿಯ ಹಿರೇಹಳ್ಳಿ ತೋಟಗಾರಿಕೆ ಕೇಂದ್ರಕ್ಕೆ 2023ರಲ್ಲಿ ಡ್ರ್ಯಾಗನ್ ಹಣ್ಣಿನ ಉತ್ಕೃಷ್ಟತಾ ಕೇಂದ್ರ ಮಂಜೂರಾಗಿದೆ. ಅದೇ ಕೇಂದ್ರ ಗುಬ್ಬಿ ತಾಲ್ಲೂಕಿನ ಒಬ್ಬ ರೈತರ ಕೆಂಪು ತೊಳೆಯ ಹಲಸನ್ನು ‘ಸಿದ್ದು’ ಎಂಬ ಹೆಸರಿನಲ್ಲಿ ಗುರುತಿಸಿ, ಸಸಿ ಮಾರಾಟದ ಗಳಿಕೆಯಲ್ಲಿ ಮರದ ಒಡೆಯರಿಗೂ ಪಾಲು ಕೊಡುವ ಏರ್ಪಾಡು ಮಾಡಿತು. ಡ್ರ್ಯಾಗನ್ ಹಣ್ಣಿಗೆ ಸಿಮೆಂಟ್ ಕಂಬ, ಹನಿ ನೀರಾವರಿ ಎಂದು ಎಕರೆಗೆ ಲಕ್ಷಗಟ್ಟಲೆ ಬಂಡವಾಳ ಬೇಕು. ಸಸಿ ಮಾರುವವರ ಉತ್ಸಾಹ ನೋಡಿದರೆ ವೆನಿಲಾ ಕಾಲದವರಿಗೆ ಹಳೆಯದು ನೆನಪಾಗದೆ ಇರದು.

ಹೊಸ ಬೆಳೆಗೆ ಇನ್ನೊಂದು ಅಡ್ಡಿ ಕಾಗದದ್ದು. ಜಿಲ್ಲಾ ತಾಂತ್ರಿಕ ಸಮಿತಿ ಎಕರೆಗೆ ಇಷ್ಟು ಸಾಲ ಎಂದು ದರ ನಿಗದಿ ಮಾಡಿದ ಪಟ್ಟಿಯಲ್ಲಿ ಇರದ ಬೆಳೆಗೆ ಬೆಳೆಸಾಲ ಹುಟ್ಟುವುದು ಕಷ್ಟ. ಹೋಬಳಿ, ಗ್ರಾಮ ಪಂಚಾಯಿತಿವಾರು ಅಧಿಸೂಚನೆಯಲ್ಲಿ ಹೆಸರಿಲ್ಲದ ಬೆಳೆಗೆ ಫಸಲ್ ಬಿಮಾ ಇಲ್ಲ. ಮೊದಲಿಗನಾಗುವ ರೈತ ಎಲ್ಲ ನಷ್ಟವನ್ನೂ ತಾನೊಬ್ಬನೇ ಹೊರಬೇಕು. ಹತ್ತಿಪ್ಪತ್ತು ವರ್ಷದ ನಂತರ ಬರುವವನಿಗೆ ಸಾಲವೂ ಉಂಟು, ವಿಮೆಯೂ ಉಂಟು.

ಇದರ ಫಲವನ್ನು ಅಡಿಕೆಯಲ್ಲೇ ನೋಡಬಹುದು. ಶೃಂಗೇರಿ, ಕೊಪ್ಪ ಮತ್ತು ಸುಳ್ಯದ ಸಂಪಾಜೆ ಸುತ್ತ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ಬರಿದು ಮಾಡುತ್ತಿದೆ, ಅದಕ್ಕೆ ಮದ್ದಿಲ್ಲ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿದೆ. ಅಲ್ಲಿನ ಬೆಳೆಗಾರರಿಗೆ ಕಾಫಿ, ಕಾಳುಮೆಣಸು, ಜಾಯಿಕಾಯಿ, ತಾಳೆ, ರಬ್ಬರ್ ಎಂದು ಪರ್ಯಾಯಗಳನ್ನು ಸೂಚಿಸಲಾಗುತ್ತಿದೆ. ಅದೇ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗದ ಬಯಲಿನಲ್ಲಿ ಭತ್ತದ ಗದ್ದೆ, ಮೆಕ್ಕೆಜೋಳದ ಹೊಲಗಳು ಅಡಿಕೆ ತೋಟವಾಗುತ್ತಿವೆ. ಬಯಲುಸೀಮೆಯವರ ಪರ್ಯಾಯ ಬೆಳೆ ಅಡಿಕೆಯೇ. ಚನ್ನಗಿರಿಯಲ್ಲಿ ತುಮ್ಕೋಸ್, ಶಿವಮೊಗ್ಗದಲ್ಲಿ ಮಾಮ್ಕೋಸ್ ಎಂಬ ಅಡಿಕೆ ಮಾರಾಟ ಸಹಕಾರ ಸಂಘಗಳು, ಊರೂರಿಗೆ ಚೇಣಿ (ಫಸಲಿನ ಗುತ್ತಿಗೆ) ಹಿಡಿಯುವವರು, ಬ್ಯಾಂಕಿನ ಸಾಲ, ಹವಾಮಾನ ಆಧಾರಿತ ವಿಮೆ, ಎಲ್ಲವೂ ಅಡಿಕೆಗೆ ಮೊದಲೇ ಸಿದ್ಧವಾಗಿವೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಬಯಲುಸೀಮೆಯ ರೈತರು ಟ್ಯಾಂಕರ್ ನೀರು ಕೊಂಡು ತಂದು ಅಡಿಕೆ ಬುಡಗಳಿಗೆ ಹಾಯಿಸಿದರು.